ಪಾವಗಡಕ್ಕೆ ಶಾಸಕರಿಲ್ಲದ ಏಳು ತಿಂಗಳು

ಬೆಂಗಳೂರಿನ ಕುರ್ಚಿ ಜಗಳಕ್ಕೂ ಆಂಧ್ರದ ಗಡಿಯಲ್ಲಿರುವ ಬರಪೀಡಿತ ಪಾವಗಡಕ್ಕೂ ಏನು ಸಂಬಂಧ? ಉತ್ತರ ಬೇಕಾದವರು 2010ರ ಅಕ್ಟೋಬರನ್ನು ನೆನಪಿಸಿಕೊಳ್ಳಬೇಕು.

2008ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಬಿಜೆಪಿಗೆ ದಕ್ಕಿದ್ದು 110. ಬಹುಮತಕ್ಕೆ ಮೂರು ಕಡಿಮೆ. ಈ ಕೊರತೆ ನೀಗಿಸಿದವರು ಪಕ್ಷೇತರರು. ಪಾವಗಡದ ವೆಂಕಟರಮಣಪ್ಪ ಸೇರಿದಂತೆ ಐವರು ಪಕ್ಷೇತರರು ಯಡಿಯೂರಪ್ಪ ಸಂಪುಟದಲ್ಲಿ ಮಂತ್ರಿಗಳಾದರು.

ತೊಡಕು ಶುರುವಾದದ್ದೇ ಇಲ್ಲಿ. ಸಂವಿಧಾನದ 91ನೇ ತಿದ್ದುಪಡಿಯಂತೆ ಸಂಪುಟದ ಗಾತ್ರ ಸದನದ ಶೇ 15ನ್ನು ಮೀರುವಂತಿಲ್ಲ; ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34. ಹೊರಗಿನವರಿಗೆ ಕೊಟ್ಟ ಒಂದೊಂದು ಖಾತೆಯೂ ಪಕ್ಷದೊಳಗಿನ ಒಬ್ಬೊಬ್ಬ ಆಕಾಂಕ್ಷಿಯ ಕೈತಪ್ಪಿತು. 2009ರಲ್ಲಿ ಬಳ್ಳಾರಿಯ ರೆಡ್ಡಿ ಸಹೋದರರ ಬಂಡಾಯಕ್ಕೆ ಮಣಿದು ಶೋಭಾ ಕರಂದ್ಲಾಜೆ ಅವರನ್ನು ಕೈಬಿಡಲಾಯಿತು. 2010ರ ಸೆಪ್ಟೆಂಬರಿನಲ್ಲಿ ಅವರನ್ನು ಮರಳಿ ಸೇರಿಸಿಕೊಂಡು ಬೇರೆ ಕೆಲವರನ್ನು ಕೈಬಿಟ್ಟಾಗ ಅತೃಪ್ತಿ ಭುಗಿಲೆದ್ದಿತು.

ಬಿಜೆಪಿಯ 11 ಹಾಗೂ ಐವರು ಪಕ್ಷೇತರ ಶಾಸಕರು ಬೆಂಬಲ ಹಿಂತೆಗೆದುಕೊಂಡರು. ಅಕ್ಟೋಬರ್ 10ರಂದು ಸ್ಪೀಕರ್ ಕೆ.ಜಿ. ಬೋಪಯ್ಯ ಈ 16 ಮಂದಿಯನ್ನೂ ಅನರ್ಹಗೊಳಿಸಿದರು. ಪಕ್ಷೇತರರು ಬಿಜೆಪಿಗೆ ಸೇರಿದಂತೆಯೇ ಎಂಬುದು ಅವರ ವಾದ. ಅಕ್ಟೋಬರ್ 14ರಂದು ಸರ್ಕಾರ 106–100 ಮತಗಳಿಂದ ಉಳಿಯಿತು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು; ಬಜೆಟ್ ಅಧಿವೇಶನವೂ ಮುಗಿದಿತ್ತು. ಕುಡಿಯುವ ನೀರಿಗೆ ಪರದಾಡುವ ತಾಲ್ಲೂಕಿನ ಪರವಾಗಿ ಸದನದಲ್ಲಿ ಎದ್ದು ನಿಂತು ಕೇಳಲು ಅದರದೇ ಶಾಸಕರಿರಲಿಲ್ಲ. ಪಕ್ಷದ ಒಳಜಗಳದ ದಂಡವನ್ನು ಆ ಪಕ್ಷವನ್ನು ಗೆಲ್ಲಿಸದ ಮತದಾರರೂ ತೆರಬೇಕಾಯಿತು.