ಬಿಬಿಸಿ ಮೈಕ್ರೊ: ಹೊಗೆಯಾಡುವ ಪವರ್ ಸಪ್ಲೈ, ಪತ್ತೆ ಮತ್ತು ಪರಿಹಾರ

ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಸಂಸ್ಥೆಯು 1981ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಬಿಬಿಸಿ ಮೈಕ್ರೊ, ಆ ದೇಶದ ಶಾಲೆಗಳಲ್ಲಿ ಮನೆಮಾತಾದ 8 ಬಿಟ್ ಕಂಪ್ಯೂಟರ್. ಭಾರತದಲ್ಲಿಯೂ 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯಡಿ ಇದು ಆಯ್ದ ಶಾಲೆಗಳಿಗೆ ಬಂದಿತ್ತು. ವರ್ಷಗಟ್ಟಲೆ ಉಗ್ರಾಣದಲ್ಲಿದ್ದ ಇಂತಹ ಯಂತ್ರಕ್ಕೆ ವಿದ್ಯುತ್ ನೀಡಿದಾಗ ದಟ್ಟ ಹೊಗೆ, ಕಟು ವಾಸನೆ ಹೊಮ್ಮುವುದುಂಟು. ಯಂತ್ರವೇ ಸುಟ್ಟಿತೆಂದು ಅದನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಬಹುತೇಕ ಸಂದರ್ಭಗಳಲ್ಲಿ ಸುಟ್ಟಿರುವುದು ಒಂದು ಸಣ್ಣ ಕೆಪಾಸಿಟರ್ ಮಾತ್ರ.

ಹೊಗೆಗೆ ಕಾರಣವೇನು?

ಪವರ್ ಸಪ್ಲೈಗೆ ವಿದ್ಯುತ್ ಪ್ರವೇಶಿಸುವ ಕಡೆ, ಅಡಚಣೆಯ ತರಂಗಗಳನ್ನು ಸೋಸಲೆಂದು ಎಕ್ಸ್2 ದರ್ಜೆಯ ಕೆಪಾಸಿಟರ್‌ಗಳಿರುತ್ತವೆ. ಲೋಹ ಲೇಪಿತ ಕಾಗದವನ್ನು ಎಪಾಕ್ಸಿಯಲ್ಲಿ ಮುಚ್ಚಿ ಇವನ್ನು ತಯಾರಿಸಲಾಗಿತ್ತು. ಕಾಲಕ್ರಮೇಣ ಈ ಹೊದಿಕೆ ಬಿರುಕು ಬಿಟ್ಟು, ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗ ವಿದ್ಯುತ್ ಹರಿದರೆ ಒಳಭಾಗ ಕಾದು ಸಿಡಿಯುತ್ತದೆ. ಯಂತ್ರವನ್ನು ಬಳಸದೆ ಇಟ್ಟ ಮಾತ್ರಕ್ಕೆ ಈ ದೋಷ ತಪ್ಪುವುದಿಲ್ಲ. ಆದ್ದರಿಂದ ಹೊಗೆ ಬರುವ ಮುನ್ನವೇ ಅವನ್ನು ಬದಲಿಸುವುದು ಉತ್ತಮ.

ಮೊದಲು ಸುರಕ್ಷತೆ

230 ವೋಲ್ಟ್ ವಿದ್ಯುತ್ ಏಕಮುಖವಾಗಿ ಪರಿವರ್ತನೆಗೊಂಡಾಗ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಸಂಗ್ರಹವಾಗುತ್ತದೆ. ಇದು ಪ್ರಾಣಾಪಾಯಕಾರಿ. ಪ್ಲಗ್ ಕಿತ್ತ ಬಳಿಕವೂ ಮಲ್ಟಿಮೀಟರ್‌ನಿಂದ ಅಳೆದು, ವೋಲ್ಟೇಜ್ ಇಳಿದಿರುವುದನ್ನು ಖಚಿತಪಡಿಸಿಕೊಂಡೇ ಕೈಹಾಕಬೇಕು. ಈ ಕೆಲಸದಲ್ಲಿ ಅನುಭವವಿಲ್ಲದವರು ಪರಿಣತ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

ಬದಲಿಸುವ ಕ್ರಮ

'ಫಿಕ್ಸ್' ಎಂದು ಗುರುತಿಸಿದ ಸ್ಕ್ರೂಗಳನ್ನು ಬಿಚ್ಚಿದರೆ ಯಂತ್ರದ ಮೇಲ್ಮುಚ್ಚಳ ತೆರೆಯುತ್ತದೆ. ಎಡಭಾಗದ ಲೋಹದ ಪೆಟ್ಟಿಗೆಯೇ ಪವರ್ ಸಪ್ಲೈ. ಅದರಿಂದ ಮುಖ್ಯ ಬೋರ್ಡಿಗೆ ಹೋಗುವ ತಂತಿಗಳ ಸ್ಥಾನವನ್ನು ಗುರುತು ಹಾಕಿಕೊಂಡು ಕಳಚಬೇಕು. ಆಸ್ಟೆಕ್ ತಯಾರಿಕೆಯ ಘಟಕದಲ್ಲಿ ಬದಲಿಸಬೇಕಾದವು ಎರಡು: 0.1 ಮತ್ತು 0.01 ಮೈಕ್ರೊಫ್ಯಾರಡ್. ಅದೇ ಬೆಲೆಯ, 275 ವೋಲ್ಟ್ ಎಸಿ ಸಾಮರ್ಥ್ಯದ ಹೊಸ ಎಕ್ಸ್2 ಕೆಪಾಸಿಟರ್‌ಗಳನ್ನೇ ಬೆಸುಗೆ ಹಾಕಬೇಕು. ಸಾಮಾನ್ಯ ಕೆಪಾಸಿಟರ್ ಕೆಟ್ಟರೆ ಬೆಂಕಿ ಹೊತ್ತುವ ಅಪಾಯವಿರುವುದರಿಂದ ಅದು ಸಲ್ಲದು. ಊದಿಕೊಂಡ ಅಥವಾ ಸೋರಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿದ್ದರೆ ಅವನ್ನೂ ಇದೇ ವೇಳೆ ಬದಲಿಸಬೇಕು.

ಜೋಡಿಸುವ ಮುನ್ನ ಅಳತೆ

ದುರಸ್ತಿಯಾದ ಘಟಕವನ್ನು ನೇರವಾಗಿ ಬೋರ್ಡಿಗೆ ಜೋಡಿಸಬಾರದು. ಸ್ವಿಚ್ ಮೋಡ್ ಪವರ್ ಸಪ್ಲೈ ಹೊರೆಯಿಲ್ಲದೆ ಸರಿಯಾದ ಅಳತೆ ತೋರಿಸದಿರಬಹುದು. ಕೆಂಪು ಮತ್ತು ಕಪ್ಪು ತಂತಿಗಳ ನಡುವೆ 5 ಓಮ್, 10 ವ್ಯಾಟ್‌ನ ರೆಸಿಸ್ಟರ್ ಜೋಡಿಸಿದರೆ 1 ಆಂಪಿಯರ್ ಹೊರೆ ದೊರೆಯುತ್ತದೆ. ಆಗ ಅಳತೆ 4.75ರಿಂದ 5.25 ವೋಲ್ಟ್‌ನೊಳಗೆ ಇರಬೇಕು. ನೇರಳೆ ತಂತಿಯಲ್ಲಿ ಮೈನಸ್ 5 ವೋಲ್ಟ್ ಇರಬೇಕು. ವೋಲ್ಟೇಜ್ ಮಿತಿ ಮೀರಿದರೆ, ಇಂದು ಸುಲಭವಾಗಿ ಸಿಗದ ಚಿಪ್‌ಗಳು ಬಲಿಯಾದಾವು.

ಧ್ವನಿಯೇ ಸೂಚನೆ

ಸುಸ್ಥಿತಿಯಲ್ಲಿರುವ ಬಿಬಿಸಿ ಮೈಕ್ರೊ ಚಾಲನೆಯಾದಾಗ ಮೊದಲು ದಪ್ಪ ಧ್ವನಿ, ಬಳಿಕ ಚಿಕ್ಕ 'ಬೀಪ್' ಕೇಳಿಸುತ್ತದೆ. ದಪ್ಪ ಧ್ವನಿ ನಿಲ್ಲದೆ ಮುಂದುವರಿದರೆ ವಿದ್ಯುತ್ ತಲುಪುತ್ತಿದೆ, ಆದರೆ ಪ್ರೊಸೆಸರ್ ಕೆಲಸ ಆರಂಭಿಸಿಲ್ಲ ಎಂದರ್ಥ. ಬೋರ್ಡಿನ ಮೇಲೆಯೇ 5 ವೋಲ್ಟ್ ಅಳೆದು ನೋಡಬೇಕು. ಅಲ್ಲಿ ಕಡಿಮೆ ಕಂಡರೆ ತಂತಿ ಜೋಡಣೆ ಸಡಿಲಗೊಂಡಿರಬಹುದು. ಸರಿಯಿದ್ದರೆ ದೋಷ ಪವರ್ ಸಪ್ಲೈನಲ್ಲಿಲ್ಲ, ಮುಖ್ಯ ಬೋರ್ಡಿನಲ್ಲಿದೆ.