ಎಂಜಿಎ ಬಾನೆಟ್ಟಿನೊಳಗಿನ ಅಂಬಾಸಿಡರ್

ಹೋದ ಸಲ ಪುಣೆ–ಬೆಂಗಳೂರು ಹೆದ್ದಾರಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ನೀವು ಕೇಳಿದ್ದು ಮಾತ್ರ ವಿಡಿಯೊದ ಕೊನೆಯಲ್ಲಿ ನನ್ನ ಹಿಂದೆ ಎರಡು ಸೆಕೆಂಡು ಕಂಡ ಕೆಂಪು ಕಾರಿನ ಬಗ್ಗೆ. ಅದು ಎಂಜಿಎ. ಎಂಜಿ ಅಂದ ಕೂಡಲೇ ಹಿಂಜವಡಿ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಲ್ಲೋ ಹೆಕ್ಟರ್ ನೆನಪಾಗಬಹುದು. ಹೆಸರು ಅದೇ, ಮನೆತನ ಈಗ ಬೇರೆ. ನನ್ನದು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಬಾಂಬೆಯಲ್ಲಿ ನೋಂದಣಿಯಾದ, ಎರಡೇ ಸೀಟಿನ ಕಾರು.

ಕೊಂಡದ್ದು 2009ರಲ್ಲಿ. ಆಗ ನಾನು ಪುಣೆಗೆ ಬಂದು ಐದು ವರ್ಷವಾಗಿತ್ತು, ಮದುವೆ ಆಗಿರಲಿಲ್ಲ, ಅಂದರೆ ತಲೆ ಸರಿ ಇರಲಿಲ್ಲ. ಮಾರಿದ ಹಿರಿಯರು "ಅಪ್ಪಟ ಬ್ರಿಟಿಷ್ ಕಾರು" ಅಂದರು, ನಾನು ನಂಬಿದೆ. ಅವರೂ ಹಾಗೇ ನಂಬಿದ್ದರು ಅನ್ನಿಸುತ್ತೆ. ಮರುವರ್ಷ ದೀಪಾವಳಿಗೆ ಹುಬ್ಬಳ್ಳಿಯಿಂದ ನನ್ನ ಸೋದರಮಾವ ಬಂದರು. ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಸೊಸೈಟಿಯ ಪಾರ್ಕಿಂಗಿನಲ್ಲಿ ನಾನು ಬಹಳ ಜಂಬದಿಂದ ಸ್ಟಾರ್ಟ್ ಮಾಡಿ ತೋರಿಸಿದೆ. ಮಾಮಾ ಕಾರು ನೋಡಲೇ ಇಲ್ಲ, ಕಿವಿ ಕೊಟ್ಟು ಕೇಳಿಸಿಕೊಂಡರು. ಆಮೇಲೆ ಬಾನೆಟ್ ಎತ್ತಿಸಿ, ಬಗ್ಗಿ ನೋಡಿ, "ಲೇ, ಇದರೊಳಗ ನನ್ನ ಗಾಡಿ ಎಂಜಿನ್ ಐತಲ್ಲೋ!" ಅಂದರು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆ ರಾತ್ರಿ ಆರ್‌ಸಿ ಪುಸ್ತಕ ತೆಗೆದು, ಅದುವರೆಗೂ ಸರಿಯಾಗಿ ಓದಿರದ ಪುಟವನ್ನು ಟಾರ್ಚ್ ಹಿಡಿದು ಓದಿದೆ. ಮಸುಕಾದ ಶಾಯಿಯಲ್ಲಿ, ಕೈಬರಹದಲ್ಲಿ ಒಂದು ನಮೂದು: 1974, ಎಂಜಿನ್ ಬದಲಾವಣೆ. ಕೆಳಗೆ ಹೊಸ ನಂಬರು, ಸೀಲು, ಸಹಿ. ಎಲ್ಲ ಕಾಯಿದೆ ಪ್ರಕಾರವೇ ಆಗಿತ್ತು.

ಇವತ್ತಿನ ಮಾತು ಆ ಒಂದು ಸಾಲಿನ ನಮೂದಿನ ಬಗ್ಗೆ. ಯಾಕೆ ಅದು ಆಗಬೇಕಾಯಿತು, ಮತ್ತು ಯಾಕೆ ಆಗಲಿಕ್ಕೆ ಸಾಧ್ಯವಾಯಿತು ಅಂತ.

ಯಾಕೆ ಆಗಬೇಕಾಯಿತು ಅನ್ನೋದು ಸುಲಭ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಹತ್ತಿರ ವಿದೇಶಿ ವಿನಿಮಯ ಕಡಿಮೆ ಇತ್ತು, ಅದನ್ನು ಕಾರಿಗೆ ಸುರಿಯೋ ಮನಸ್ಸು ಸರ್ಕಾರಕ್ಕೆ ಇರಲಿಲ್ಲ. ಪೂರ್ತಿ ತಯಾರಾದ ಕಾರಿನ ಆಮದಿಗೆ ಬಾಗಿಲು ಬೇಗನೆ ಮುಚ್ಚುತ್ತಾ ಬಂತು. 1953ರಲ್ಲಿ ಇನ್ನೂ ಒಂದು ಹೆಜ್ಜೆ: ಬಿಡಿಭಾಗ ತರಿಸಿ ಬರೀ ಜೋಡಿಸೋದು ಸಾಲದು, ಇಲ್ಲೇ ತಯಾರಿಸೋ ಯೋಜನೆ ಇದ್ದವರು ಮಾತ್ರ ಉಳೀಬಹುದು ಅಂತ ತೀರ್ಮಾನವಾಯಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. 1957ರಲ್ಲಿ ವಿನಿಮಯದ ಬಿಕ್ಕಟ್ಟು ಬಂದು ಹಗ್ಗ ಇನ್ನೂ ಬಿಗಿಯಾಯಿತು. ಅಷ್ಟರ ಮೇಲೂ ವಿದೇಶಿ ಕಾರು ಬರುತ್ತಿದ್ದದ್ದು ಕಿರುದಾರಿಗಳಲ್ಲಿ. ರಾಯಭಾರ ಕಚೇರಿಯವರು ತಮಗೆಂದು ತರಿಸಿದ್ದು, ವಿದೇಶದಲ್ಲಿದ್ದು ವಾಪಸ್ ಬಂದವರು ಜೊತೆಗೆ ತಂದದ್ದು. ರಾಯಭಾರಿಗಳ ಕಾರು ಕೈಬದಲಾಗಬೇಕಾದರೆ 1956ರಲ್ಲಿ ಹುಟ್ಟಿದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ. ಎಸ್‌ಟಿಸಿ ಹರಾಜು ಅಂದರೆ ಆ ಕಾಲದ ಕಾರುಪ್ರಿಯರಿಗೆ ಜಾತ್ರೆ.

ಕಾರೇನೋ ಹೀಗೆ ಬಂತು. ಅದರ ಪಿಸ್ಟನ್ ಎಲ್ಲಿಂದ ಬರಬೇಕು? ಒಂದು ಬೇರಿಂಗ್ ತರಿಸೋದಕ್ಕೂ ಲೈಸೆನ್ಸ್ ಬೇಕಾದ ಕಾಲ ಅದು. ಎಷ್ಟೋ ಸ್ಪೋರ್ಟ್ಸ್ ಕಾರುಗಳು ನೂರು ರೂಪಾಯಿಯ ಒಂದು ಭಾಗ ಸಿಗದೆ ಶೆಡ್ಡು ಸೇರಿ, ಶೆಡ್ಡಿನಿಂದ ಗುಜರಿ ಸೇರಿದವು.

ಪುಣೆಯಲ್ಲಿ ನಿಂತು ಈ ಕಾಲದ ಮಾತಾಡುವಾಗ ಒಂದು ಕಥೆ ಹೇಳದೇ ಇರೋಕಾಗಲ್ಲ. ಸೈರಸ್ ಪೂನಾವಾಲಾ ಹೆಸರು ನಿಮಗೆಲ್ಲ ಗೊತ್ತು, ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಬಹಳ ಮಂದಿಯ ತೋಳಿಗೆ ಹೋದ ಕೋವಿಶೀಲ್ಡ್ ಅವರ ಕಂಪನಿಯದು. ಮನೆಯದು ಕುದುರೆ ಸಾಕಣೆಯ ದಂಧೆ. ಸಮಾಜವಾದಿ ದೇಶದಲ್ಲಿ ರೇಸ್ ಕುದುರೆಗೆ ಭವಿಷ್ಯ ಇಲ್ಲ ಅಂದುಕೊಂಡ ಅವರು ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯನ ಜೊತೆ ಸೇರಿ ಒಂದು ಸ್ಪೋರ್ಟ್ಸ್ ಕಾರು ಕಟ್ಟಿದರು. ಮಾದರಿಗೆ ಇಟ್ಟುಕೊಂಡದ್ದು ಜಾಗ್ವಾರ್ ಡಿ-ಟೈಪ್, ಅಂದರೆ 1955, 56, 57 ಮೂರು ವರ್ಷ ಸತತ ಲೆ ಮಾನ್ಸ್ ರೇಸ್ ಗೆದ್ದ ಕಾರು! ಪುಣೆಯ ಹುಡುಗರು ಕಟ್ಟಿದ ಆ ಒಂದು ಕಾರಿಗೆ ತಗುಲಿದ ಖರ್ಚು 120 ಡಾಲರ್ ಎಂದು ಅವರ ಬಗ್ಗೆ ಬಂದ ಬರಹಗಳು ಹೇಳುತ್ತವೆ. ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲು ಬೇಕಾದ ಬಂಡವಾಳ ಲೆಕ್ಕ ಹಾಕಿ ಕೈಬಿಟ್ಟರು. ಮನೆಯ ಮುದಿ ಕುದುರೆಗಳನ್ನು ಸೀರಮ್ ತೆಗೆಯಲಿಕ್ಕೆ ಮುಂಬೈಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅದನ್ನು ನಾವೇ ಯಾಕೆ ಮಾಡಬಾರದು ಅಂತ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ದೇಶಕ್ಕೆ ಲಾಭವಾಯಿತು, ಒಪ್ಪುತ್ತೇನೆ. ಆದರೂ ಆ ಕಾರು ಒಮ್ಮೆ ನೋಡಬೇಕಿತ್ತು ಅಂತ ನನಗೆ ಆಸೆ.

ಈಗ ಎರಡನೇ ಪ್ರಶ್ನೆ. ಅಂಬಾಸಿಡರ್ ಎಂಜಿನ್ನು ಎಂಜಿಎ ಒಳಗೆ ಹೇಗೆ ಕೂತಿತು?

ಇಲ್ಲಿ ಸ್ವಲ್ಪ ವಂಶಾವಳಿ ನೋಡಬೇಕು. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. 1920ರ ದಶಕದಲ್ಲಿ ಆಕ್ಸ್‌ಫರ್ಡಿನ ಆ ಗ್ಯಾರೇಜಿನ ಮ್ಯಾನೇಜರ್ ಸೆಸಿಲ್ ಕಿಂಬರ್, ಮಾರಿಸ್ ಆಕ್ಸ್‌ಫರ್ಡ್ ಎಂಬ ಸಂಸಾರಸ್ಥರ ಕಾರಿನ ಚಾಸಿಗೆ ಚೆಂದದ ಬಾಡಿ ಕೂರಿಸಿ ಮಾರತೊಡಗಿದ. ಎಂಜಿ ಹುಟ್ಟಿದ್ದೇ ಹಾಗೆ. ಮೂವತ್ತು ವರ್ಷ ಬಿಟ್ಟು ಅದೇ ಮಾರಿಸ್ ಆಕ್ಸ್‌ಫರ್ಡ್ ಹೆಸರಿನ ಮೂರನೇ ಸರಣಿಯ ಕಾರು ಬಂಗಾಳದ ಉತ್ತರಪಾಡಾಕ್ಕೆ ಬಂದು, 1957ರಲ್ಲಿ ಹಿಂದುಸ್ತಾನ್ ಅಂಬಾಸಿಡರ್ ಆಯಿತು. ಅತ್ತ 1955ರಲ್ಲಿ ಎಂಜಿಎ ಬಂದಾಗ ಅದಕ್ಕೆ ಹಾಕಿದ್ದು ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ಇತ್ತ 1959ರಲ್ಲಿ ಅಂಬಾಸಿಡರ್‌ಗೆ ಬಂದದ್ದೂ ಬಿ-ಸೀರೀಸ್, ಅದೇ 1489 ಸಿಸಿ. ಬೋರ್ ಅದೇ, ಸ್ಟ್ರೋಕ್ ಅದೇ. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರ್, ಹೆಚ್ಚು ಕಂಪ್ರೆಷನ್, 72 ಎಚ್‌ಪಿವರೆಗೂ ಶಕ್ತಿ. ನಮ್ಮ ಅಂಬಾಸಿಡರ್‌ಗೆ ಒಂದೇ ಕಾರ್ಬ್ಯುರೇಟರ್, 50ರ ಆಸುಪಾಸು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ರೇಸಿಗೆ ಹೋದ, ಇನ್ನೊಬ್ಬ ಹುಬ್ಬಳ್ಳಿ ಸ್ಟೇಷನ್ ಮುಂದೆ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದ.

ಹೀಗಾಗಿ 1974ರಲ್ಲಿ ಯಾರೋ ಒಬ್ಬ ಮಾಲೀಕರು, ಯಾವುದೋ ಗ್ಯಾರೇಜಿನ ಮಿಸ್ತ್ರಿ ಇಬ್ಬರೂ ಸೇರಿ ಮಾಡಿದ್ದು ಹುಚ್ಚು ಕೆಲಸವೇನಲ್ಲ. ಬ್ಲಾಕ್ ಅಂಬಾಸಿಡರ್‌ದು ಹಾಕಿ, ಕಾರ್ಬ್ಯುರೇಟರ್ ಹಳೆಯವೇ ಎರಡು ಉಳಿಸಿಕೊಂಡರು, ಗೇರ್‌ಬಾಕ್ಸ್ ಮುಟ್ಟಲಿಲ್ಲ. ಇದು ಒಂದೇ ಉದಾಹರಣೆಯಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಾ? ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಅದೇ ಹೆರಾಲ್ಡಿನ ಭಾಗಗಳಿಂದ. ಸ್ಪಿಟ್‌ಫೈರ್ ಇಟ್ಟುಕೊಂಡವರು ಹೆರಾಲ್ಡ್ ಸ್ಪೇರ್ ಹುಡುಕುತ್ತಿದ್ದರು. ಅಸಲಿಗೆ ಇಂಗ್ಲೆಂಡಿನಲ್ಲೇ ಅಗ್ಗದ ಸ್ಪೋರ್ಟ್ಸ್ ಕಾರು ಅಂದರೆ ಸಂಸಾರಸ್ಥರ ಕಾರಿನ ಭಾಗಗಳನ್ನೇ ತಗ್ಗಾದ, ಹಗುರ ಬಾಡಿಯಲ್ಲಿ ಜೋಡಿಸಿದ್ದು. ಕಿಂಬರ್ ಮಾಡಿದ್ದನ್ನೇ ನಮ್ಮ ಮಿಸ್ತ್ರಿ ಮಾಡಿದ. ಒಬ್ಬನನ್ನು ಸ್ಥಾಪಕ ಅಂತಾರೆ, ಇನ್ನೊಬ್ಬನ ಕೆಲಸಕ್ಕೆ ಜುಗಾಡ್ ಅಂತಾರೆ.

ಪುಣೆ ಇಂಥ ಕಾರು ಇಟ್ಟುಕೊಳ್ಳಲಿಕ್ಕೆ ಒಳ್ಳೆಯ ಊರು. ಸ್ಪೇರ್ ಅಂಗಡಿಗಳಿಗೆ ನಾನಾ ಪೇಠ್. ಭಾನುವಾರ, ಬುಧವಾರ ಸೇರುವ ಜುನಾ ಬಜಾರಿನಲ್ಲಿ ಹಳೇ ಇಂಚಿನ ಪಾನಾಗಳು ಸಿಗುತ್ತವೆ. ಇವತ್ತಿನ ಮೆಟ್ರಿಕ್ ಪಾನಾ ಹಾಕಿದರೆ ಈ ಕಾರಿನ ನಟ್ಟಿನ ಮೂಲೆ ಸವೆದು ದುಂಡಗಾಗುತ್ತೆ. ಸಿಗದೇ ಇರೋದನ್ನು ಭೋಸರಿಯ ಲೇತ್ ಅಂಗಡಿಗಳಲ್ಲಿ ಮಾಡಿಸಬಹುದು. ಈ ಊರಿನ ಲೋಹದ ಕೆಲಸದಲ್ಲಿ ನಮ್ಮ ಕಡೆಯ ಪಾಲೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಶುರು ಮಾಡಿದ್ದು.

ಮಳೆಗಾಲ ಮಾತ್ರ ಶತ್ರು. ಎಂಜಿಎಗೆ ಗಾಜಿನ ಕಿಟಕಿ ಇಲ್ಲ, ಸಿಕ್ಕಿಸೋ ಪರದೆಗಳು. ಹೊರಗೆ ಬಾಗಿಲ ಹಿಡಿಯೂ ಇಲ್ಲ, ಕೈ ಒಳಗೆ ಹಾಕಿ ದಾರ ಎಳೀಬೇಕು. ಕಾಲ ಕೆಳಗಿನ ನೆಲ ಪ್ಲೈವುಡ್. 2012ರ ಜುಲೈನಲ್ಲಿ ಒಂದು ದಿನ ನನ್ನ ಹಿಮ್ಮಡಿ ಪ್ಲೈವುಡ್ ದಾಟಿ ಹೋಯಿತು. ಬಾಣೇರ್ ರಸ್ತೆ ನನಗೆ ಹತ್ತಿರದಿಂದ ಕಂಡಿತು. ಸೀಟಿನ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿ ಇರಬೇಕಾದ ಕಡೆ ನಾನು ಹನ್ನೆರಡರ ಒಂದು ಇಟ್ಟಿದ್ದೇನೆ. ಪೆಟ್ರೋಲಿನ ಕಥೆ ಬೇರೆ. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಒಳ್ಳೆಯದೇ ಆಯಿತು, ಆದರೆ ಹಳೆಯ ಎಂಜಿನ್ನಿನ ವಾಲ್ವ್ ಸೀಟುಗಳು ಸವೆಯತೊಡಗಿದವು, ಗಟ್ಟಿ ಲೋಹದ್ದು ಹಾಕಿಸಬೇಕಾಯಿತು. 2023ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ ಇ20 ಪೆಟ್ರೋಲ್ ಈಗ ಎಲ್ಲ ಬಂಕಿಗೂ ಬಂದಿದೆ. ಎಥೆನಾಲ್ ಹಳೇ ರಬ್ಬರನ್ನು ತಿನ್ನುತ್ತೆ, ನೀರು ಹೀರುತ್ತೆ. ಪೈಪು, ಪಂಪಿನ ಡಯಾಫ್ರಮ್ ಎಲ್ಲ ಬದಲಾಯಿಸಿದೆ. ಹದಿನೈದು ವರ್ಷದಲ್ಲಿ ಆ ಕಾರು ನನ್ನಿಂದ ಎಷ್ಟು ತಿಂದಿದೆ ಅಂತ ಬರೆದಿಟ್ಟ ಎಕ್ಸೆಲ್ ಇದೆ. ಹೆಂಡತಿ ಈ ವಿಡಿಯೊ ನೋಡ್ತಾಳೆ, ಹಾಗಾಗಿ ಮುಂದಕ್ಕೆ ಹೋಗೋಣ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿದ ಗಾಡಿಗೆ "ವಿಎ" ಅಕ್ಷರ ಇರೋ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಖುಷಿಯಾಯಿತು. ಆಮೇಲೆ ಷರತ್ತು ಓದಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ನನ್ನದು ಅಲ್ಲೇ ಫೇಲ್. ಇಂಗ್ಲೆಂಡಿನಿಂದ ಭಾಗ ತರಿಸೋ ಶಕ್ತಿ, ಲೈಸೆನ್ಸು ಇದ್ದವರ ಕಾರು ವಿಂಟೇಜ್. ಇಲ್ಲಿನ ಮಿಸ್ತ್ರಿಯ ಕೈಯಿಂದ ಬದುಕುಳಿದ ಕಾರು ಬರೀ ಹಳೇ ಗಾಡಿ. ನಿಯಮ ಬರೆದವರಿಗೆ ದುರುದ್ದೇಶ ಇತ್ತು ಅಂತಲ್ಲ. ಆದರೆ ಮೂರು ದಶಕ ಭಾಗಗಳೇ ಒಳಗೆ ಬರದಂತೆ ತಡೆದ ದೇಶ, ಈಗ "ಮೂಲ ಭಾಗ ಎಲ್ಲಿ?" ಅಂತ ಕೇಳುವಾಗ ಸ್ವಲ್ಪ ಹಿಂದಿನದನ್ನೂ ನೆನಪು ಮಾಡಿಕೊಳ್ಳಬಹುದಿತ್ತು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಪ್ಯಾಚ್ ಹಾಕಿ ಹಾಕಿ ಐವತ್ತು ವರ್ಷ ಓಡಿಸಿದ ಸಿಸ್ಟಮ್ಮಿಗೆ ಆಡಿಟ್‌ನಲ್ಲಿ ಮೊದಲ ವರ್ಷನ್ ತೋರಿಸಿ ಅಂದ ಹಾಗೆ.

ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಸೋಣ ಅಂದರೆ ಅಲ್ಲೂ ತಮಾಷೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ದೇಶೀ ಕಾರಿನ ನವೀಕರಣಕ್ಕೆ 5,000, ಆಮದಾದ ಕಾರಿಗೆ 40,000. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಅದು 10,000 ಮತ್ತು 80,000 ಆಯಿತು. ವಿಂಟೇಜ್ ಆಗಲಿಕ್ಕೆ ನನ್ನ ಕಾರು ಸಾಕಷ್ಟು ವಿದೇಶಿ ಅಲ್ಲ, ಶುಲ್ಕ ಕಟ್ಟುವಾಗ ಪೂರಾ ವಿದೇಶಿ.

ಪರಿಚಯದ ಸಂಗ್ರಾಹಕರೊಬ್ಬರು ಸಲಹೆ ಕೊಟ್ಟರು: ಇಂಗ್ಲೆಂಡಿನಿಂದ ಅಸಲಿ ಎಂಜಿಎ ಬ್ಲಾಕ್ ತರಿಸು, ಈ ಟ್ಯಾಕ್ಸಿ ಎಂಜಿನ್ ತೆಗೆದು ಗುಜರಿಗೆ ಹಾಕು, ಬೆಲೆ ಹೆಚ್ಚಾಗುತ್ತೆ. ಅವರ ಮಾತು ತಪ್ಪಲ್ಲ. 2025ರಲ್ಲಿ 50 ವರ್ಷ ದಾಟಿದ ಕಾರುಗಳ ಆಮದಿಗೆ ಲೈಸೆನ್ಸ್ ಬೇಡ ಅಂತಾಯಿತು, ಸುಂಕ ಕಾರಿನ ಬೆಲೆಯನ್ನೇ ಮೀರಿಸಿದರೂ ದುಡ್ಡಿದ್ದವರು ಅಪ್ಪಟ ಕಾರುಗಳನ್ನೇ ತರಿಸಬಹುದು. ಪೇಟೆಯಲ್ಲಿ ನನ್ನ ಬೆರಕೆ ಕಾರಿನ ಬೆಲೆ ಇನ್ನೂ ಇಳಿಯಬಹುದು. ಎರಡು ತಿಂಗಳು ಯೋಚಿಸಿದೆ, ಒಬ್ಬ ಮಾರಾಟಗಾರನಿಗೆ ಮೇಲ್ ಕೂಡ ಬರೆದೆ.

ಮನಸ್ಸು ಬದಲಾದದ್ದು ನಿಯಮದ ಇನ್ನೊಂದು ಸಾಲು ಓದಿ. ವಿಂಟೇಜ್ ನಂಬರು ಸಿಕ್ಕ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಅಷ್ಟೇ. ಅಂದರೆ ಅಸಲಿ ಕಾರು ಷೋಕೇಸಿನಲ್ಲಿರಬೇಕು. ನನ್ನದು ಹುಬ್ಬಳ್ಳಿಗೆ ಹೋಗಬಹುದು.

ಹೋದ ಡಿಸೆಂಬರಿನಲ್ಲಿ ಹೋದೆವು. ಮಾಮಾಗೆ ಈಗ ಎಪ್ಪತ್ತೊಂಬತ್ತು. ಪುಣೆಗೆ ಬಂದು ಹಟ ಹಿಡಿದು ಪಕ್ಕದ ಸೀಟಿನಲ್ಲಿ ಕೂತರು. ಖಂಬಾಟ್ಕಿ ಘಾಟಿನಲ್ಲಿ ಟೆಂಪರೇಚರ್ ಮುಳ್ಳು ಏರಿತು, ನಿಲ್ಲಿಸಿ ಅರ್ಧ ಗಂಟೆ ಕಾದೆವು. ನಿಪ್ಪಾಣಿ ದಾಟಿ ಚಹಾಕ್ಕೆ ನಿಂತಾಗ ಮಾಮಾ ಜೇಬಿನಿಂದ ತಮ್ಮ ಟ್ಯಾಕ್ಸಿ ಕಾಲದ ಫಿಲ್ಲರ್ ಗೇಜ್ ತೆಗೆದರು. "ಮೂರನೇ ಟ್ಯಾಪೆಟ್ ಸಡಿಲ ಆಗೇತಿ, ಸಾತಾರಾದಿಂದ ಕೇಳಾಕತ್ತೀನಿ" ಅಂದರು. ಎಂಜಿನ್ ಆರುವವರೆಗೆ ಎರಡನೇ ಚಹಾ ಹೇಳಿದೆವು. ಆಮೇಲೆ ಅವರು ರಾಕರ್ ಕವರ್ ಬಿಚ್ಚಿದರು, ನಾನು ಪಾನಾ ಹಿಡಿದೆ.