ಪುಣೆಯ ಕಾಲೇಜುಗಳೂ ಅರ್ಥಶಾಸ್ತ್ರದ ಅಭ್ಯಾಸವೂ

ಜೂನ್ ತಿಂಗಳು ಬಂತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ: ಮಗ ಯಾವ ಕಾಲೇಜು ಸೇರಬೇಕು, ಮಗಳು ಯಾವ ವಿಷಯ ತೆಗೆದುಕೊಳ್ಳಬೇಕು? ಇಂಜಿನಿಯರಿಂಗ್ ಎಂದರೆ ಹಿರಿಯರ ಮುಖ ಅರಳುತ್ತದೆ. ಆರ್ಟ್ಸ್ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರ ಓದುತ್ತೇನೆ ಎಂದರೆ, "ಅದನ್ನು ಓದಿ ಏನು ಮಾಡುತ್ತೀಯಪ್ಪಾ?" ಎಂಬ ಮಾತು ಹೊರಡುತ್ತದೆ. ಆ ಮಾತು ತಪ್ಪೆಂದು ನಾವು ಹೇಳಲಾರೆವು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು; ವಿದ್ಯೆಗೂ ಅನ್ನಕ್ಕೂ ಇರುವ ನಂಟನ್ನು ಹೇಗೆ ಮರೆತೇವು? ಆದರೆ ಆ ಪ್ರಶ್ನೆಗೆ ತಕ್ಕ ಉತ್ತರವು ನಾವು ನೆಲೆಸಿರುವ ಈ ನಗರದ ಇತಿಹಾಸದಲ್ಲಿಯೇ ಇದೆ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಪುಣೆಗೂ ಕನ್ನಡ ವಿದ್ಯಾರ್ಥಿಗಳಿಗೂ ಇರುವ ಸಂಬಂಧ ಹಳೆಯದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮುಂಚೆ ಬಿ.ಎ. ಪದವಿ ಬೇಕಾದವನು ಬುತ್ತಿ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೊರಡಬೇಕಾಗಿತ್ತು. ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ. 1918ರಲ್ಲಿ ಬೇಂದ್ರೆಯವರು ಪದವೀಧರರಾದದ್ದೂ ಅದೇ ಕಾಲೇಜಿನಿಂದ. ಕರ್ನಾಟಕ ಏಕೀಕರಣದ ಕನಸು ಕಂಡ ಕೆಲವು ಕಣ್ಣುಗಳು ಪುಣೆಯ ಗ್ರಂಥಾಲಯಗಳಲ್ಲಿ ದೀಪದ ಬೆಳಕಿಗೆ ಪಳಗಿದ ಕಣ್ಣುಗಳೆಂಬುದನ್ನು ನಾವು ಮರೆಯಬಾರದು.

ಆ ಕಾಲದ ಆರ್ಟ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಸಿಂಹಾಸನವಿರಲಿಲ್ಲ. ಇಂಗ್ಲಿಷ್ ಸಾಹಿತ್ಯ, ಸಂಸ್ಕೃತ, ಗಣಿತ, ಇತಿಹಾಸಗಳ ನಡುವೆ ಅದಕ್ಕೂ ಒಂದು ಮಣೆ ಹಾಕಿದ್ದರು, ಅಷ್ಟೆ. ಗ್ರಂಥಗಳಾದರೋ ಇಂಗ್ಲೆಂಡಿನವು, ರಿಕಾರ್ಡೋ, ಮಿಲ್ ಮೊದಲಾದವರ ಸಿದ್ಧಾಂತಗಳು. ಆ ಶಾಸ್ತ್ರದಲ್ಲಿ ಬರುವ ಮನುಷ್ಯ ತನ್ನ ಲಾಭವನ್ನು ತಾನೇ ಬಲ್ಲವನು. ಕೂಲಿ ಹೆಚ್ಚು ಸಿಕ್ಕುವ ಕಡೆಗೆ ಕೂಡಲೇ ನಡೆದುಬಿಡುವವನು. ಜಾತಿ, ಸಾಲ, ಒಟ್ಟು ಕುಟುಂಬ, ಕೈಕೊಟ್ಟ ಮಳೆ ಇವುಗಳ ನಡುವೆ ಬೆಳೆದ ನಮ್ಮ ಹುಡುಗನಿಗೆ ಆ ಮನುಷ್ಯನ ಪರಿಚಯವೇ ಇರಲಿಲ್ಲ. ಆದರೂ ಪರೀಕ್ಷೆಯಲ್ಲಿ ಅವನ ಬಗ್ಗೆಯೇ ಬರೆಯಬೇಕಾಗಿತ್ತು.

ಈ ವಿಚಿತ್ರವನ್ನು ಬಿಚ್ಚಿ ಹೇಳಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. 1892ರಲ್ಲಿ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತೀಯ ಅರ್ಥಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡಿದರು. ಅರ್ಥಶಾಸ್ತ್ರದ ನಿಯಮಗಳು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಂದೇ ಬಗೆಯಾಗಿ ಒಪ್ಪುವುವಲ್ಲ. ಒಂದು ಜನಾಂಗದ ಇತಿಹಾಸವನ್ನೂ ಸಮಾಜವನ್ನೂ ನೋಡಿ ಅವನ್ನು ಅನ್ವಯಿಸಬೇಕು ಎಂಬುದು ಅವರ ವಾದದ ತಿರುಳು. ಇಂಗ್ಲೆಂಡಿನ ಪುಸ್ತಕಕ್ಕೆ ಎದುರಾಗಿ ಜರ್ಮನಿಯ ಲಿಸ್ಟ್ ಮೊದಲಾದವರ ವಿಚಾರಗಳನ್ನೂ ಅವರು ಮುಂದಿಟ್ಟರು. ಶಾಸ್ತ್ರವನ್ನು ತಳ್ಳಿಹಾಕಲಿಲ್ಲ, ನಮ್ಮ ನೆಲದ ಮೇಲೆ ನಿಲ್ಲಿಸಿ ಅದನ್ನು ಪ್ರಶ್ನಿಸಿದರು.

ಅವರ ಶಿಷ್ಯ ಗೋಪಾಲಕೃಷ್ಣ ಗೋಖಲೆಯವರು ಫರ್ಗ್ಯೂಸನ್ ಕಾಲೇಜಿನ ಅಧ್ಯಾಪಕರು. ಅವರು ಇಂಗ್ಲಿಷನ್ನೂ ಗಣಿತವನ್ನೂ ಕಲಿಸಿದರು; ಇತಿಹಾಸ, ಅರ್ಥಶಾಸ್ತ್ರಗಳನ್ನೂ ಕಲಿಸಿದರು; ಅಂಕಗಣಿತದ ಪುಸ್ತಕವನ್ನೂ ಬರೆದರು. ಈ ಮೇಷ್ಟರ ಲೆಕ್ಕ ಎಷ್ಟು ಗಟ್ಟಿಯೆಂಬುದು 1902ರಲ್ಲಿ ಇಡೀ ದೇಶಕ್ಕೆ ತಿಳಿಯಿತು. ಆ ವರ್ಷ ವೈಸರಾಯರ ಶಾಸನ ಸಭೆಯಲ್ಲಿ ಅವರು ತಮ್ಮ ಮೊದಲನೆಯ ಬಜೆಟ್ ಭಾಷಣ ಮಾಡಿದರು. ಖಜಾನೆಯಲ್ಲಿ ಹಣ ಉಳಿದರೆ ಜನ ಸುಖವಾಗಿದ್ದಾರೆಂದು ಅರ್ಥವಲ್ಲ, ಬಡವನಿಂದ ಬೇಕಾದುದಕ್ಕಿಂತ ಹೆಚ್ಚು ಕಿತ್ತುಕೊಂಡಿದ್ದೀರಿ ಎಂದು ಅರ್ಥ—ಇದು ಅವರ ತರ್ಕ. ಆಗ ಉಪ್ಪಿನ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿ. 1903ರಲ್ಲಿ ಅದು ಎರಡು ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಇದೆಲ್ಲ ಒಬ್ಬರ ಮಾತಿನಿಂದಲೇ ಆಯಿತೆನ್ನುವುದು ಸರಿಯಲ್ಲ. ಆದರೆ ಗಂಜಿಗೆ ಬೀಳುವ ಉಪ್ಪಿನ ಹರಳಿನಲ್ಲಿ ಸಾಮ್ರಾಜ್ಯದ ಲೆಕ್ಕವನ್ನು ತೋರಿಸಿದ ಕೀರ್ತಿ ಅಂಥವರಿಗೆ ಸಲ್ಲಬೇಕು. ಅದೇ ಉಪ್ಪಿಗಾಗಿ 1930ರಲ್ಲಿ ಅಂಕೋಲೆಯ ನಮ್ಮ ಜನ ಕಡಲ ದಂಡೆಗೆ ನಡೆದದ್ದನ್ನು ನೆನೆದರೆ, ಈ ಲೆಕ್ಕ ನಮ್ಮಿಂದ ಎಷ್ಟು ದೂರದ್ದಲ್ಲ ಎಂಬುದು ತಿಳಿದೀತು.

ಮುಂದಿನ ತಲೆಮಾರಿನಲ್ಲಿ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಕೆಳಗಿಳಿದು ಹೊಲಗದ್ದೆಗಳಿಗೆ ಬಂತು. ಫರ್ಗ್ಯೂಸನ್ ಕಾಲೇಜಿನ ಪ್ರೊಫೆಸರ್ ವಾಮನ ಗೋವಿಂದ ಕಾಳೆಯವರು ಭಾರತದ ಅರ್ಥವ್ಯವಸ್ಥೆಯನ್ನೇ ವಿಷಯವಾಗಿಟ್ಟುಕೊಂಡು ವಿದ್ಯಾರ್ಥಿಗಳಿಗೆ ಪಠ್ಯಗ್ರಂಥ ಬರೆದರು. 1917ರಲ್ಲಿ ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲ್ ಹೆರಾಲ್ಡ್ ಮ್ಯಾನ್ ಅವರು ಹತ್ತಿರದ ಒಂದು ಹಳ್ಳಿಯ ಮನೆಮನೆಯ ಲೆಕ್ಕವನ್ನು ಪ್ರಕಟಿಸಿದರು. 1771ರಲ್ಲಿ ಅಲ್ಲಿ ಸರಾಸರಿ ಹಿಡುವಳಿ 40 ಎಕರೆ; 1914-15ರ ಹೊತ್ತಿಗೆ ಅದು 7 ಎಕರೆಗೆ ಇಳಿದಿತ್ತು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಚೂರುಚೂರಾಗಿ, ನೆಲವನ್ನು ನಂಬಿ ಬದುಕುವುದು ಬಹುಪಾಲು ಮನೆಗಳಿಗೆ ಅಸಾಧ್ಯವಾಗಿತ್ತು. ಆ ಹಳ್ಳಿ ಯಾವುದು ಬಲ್ಲಿರಾ? ಪಿಂಪಳೆ ಸೌದಾಗರ. ಬಹುಮಹಡಿ ಕಟ್ಟಡಗಳಿಂದ ತುಂಬಿ, ಕಂಪ್ಯೂಟರ್ ಉದ್ಯೋಗಿಗಳ ಬಡಾವಣೆಯಾಗಿ ಇಂದು ನಾವೆಲ್ಲ ಕಾಣುತ್ತಿರುವ ಅದೇ ಪಿಂಪಳೆ ಸೌದಾಗರ!

ಮದರಾಸಿನ ಸಂಗತಿಯೂ ಇಲ್ಲಿ ಸ್ಮರಣೀಯ. ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ 1915ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಅವರು ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು, "ರಜೆಯಲ್ಲಿ ನಿಮ್ಮ ನಿಮ್ಮ ಹಳ್ಳಿಗಳನ್ನೇ ಓದಿ ಬನ್ನಿ" ಎಂಬಂತೆ ಕಳುಹಿಸಿದರು. ಮನೆಗಳೆಷ್ಟು, ಎತ್ತುಗಳೆಷ್ಟು, ಸಾಲವೆಷ್ಟು, ಕೂಲಿಯೆಷ್ಟು ಎಂದು ಹುಡುಗರು ಬರೆದು ತಂದರು. 1918ರಲ್ಲಿ ಅದು ಗ್ರಂಥವಾಯಿತು. ಸುಮಾರು ಇಪ್ಪತ್ತು ವರ್ಷಗಳ ಬಳಿಕ ಬೇರೆ ವಿದ್ವಾಂಸರು ಅವೇ ಹಳ್ಳಿಗಳಿಗೆ ಮತ್ತೆ ಹೋಗಿ, ಏನು ಬದಲಾಯಿತೆಂದು ನೋಡಿದರು. ತಾನು ಹುಟ್ಟಿದ ಕೇರಿಯೇ ಪಠ್ಯಪುಸ್ತಕವಾದಾಗ ಆ ವಿದ್ಯಾರ್ಥಿಗೆ ಆಗಿರಬಹುದಾದ ಬೆರಗನ್ನು ನಾವು ಊಹಿಸಬಲ್ಲೆವು.

ಈ ಪರಂಪರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಇವರಲ್ಲಿ ಯಾರೂ ಅರ್ಥಶಾಸ್ತ್ರವನ್ನು ಬರಿಯ ಹಣದ ಶಾಸ್ತ್ರವೆಂದು ಕಲಿಯಲಿಲ್ಲ. ರಾನಡೆಯವರು ಇತಿಹಾಸ ಬಲ್ಲವರು. ಗೋಖಲೆಯವರು ಗಣಿತದ ಜೊತೆಗೆ ಸಾಹಿತ್ಯ ಬಲ್ಲವರು. ಅಂಕಿಗೆ ಅರ್ಥ ಕೊಡುವ ಶಕ್ತಿ ಅಂಕಿಯ ಹೊರಗಿನಿಂದ ಬರುತ್ತದೆ. ಆರ್ಟ್ಸ್ ಕಾಲೇಜು ಒಂದೇ ಸೂರಿನಡಿ ಹಲವು ವಿದ್ಯೆಗಳನ್ನು ಕೂಡಿಸಿದ್ದರ ಪ್ರಯೋಜನ ಇದು.

ಇದು ನಮಗೇಕೆ ಎಂದು ಕೇಳುವಿರಾ? 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ನಾಡು ಒಂದಾದ ಮೇಲೆ ಅನ್ನವೂ ಸಮನಾಗಿ ಹಂಚಿಹೋಯಿತೇ? ಈ ಪ್ರಶ್ನೆಯನ್ನು ಕೇಳಿ ಲೆಕ್ಕ ಹಾಕಿದವರು ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಿ.ಎಂ. ನಂಜುಂಡಪ್ಪನವರು. ಅವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಂತೆ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಪುಣೆಯ ಕಟ್ಟಡಗಳ ಮೇಲೆ ಇಟ್ಟಿಗೆ ಹೊರುವ ಕಲಬುರಗಿಯ ತಾಯಿ, ವಿಜಯಪುರದ ಅಣ್ಣ ಊರು ಬಿಟ್ಟದ್ದೇಕೆಂಬುದಕ್ಕೆ ಆ ಅಂಕಿಗಳಲ್ಲಿ ಉತ್ತರವಿದೆ. ಕಚೇರಿಯ ಕುರ್ಚಿಗೆ ಬಂದ ನಾವೂ ಅದೇ ರೈಲಿನಲ್ಲಿ ಬಂದವರು. ನಾವು ಊರು ಬಿಟ್ಟದ್ದು ಹಣೆಬರಹವೆಂದು ತಿಳಿದಿದ್ದೆವು. ಅದಕ್ಕೆ ಕಾರಣಗಳಿದ್ದವು, ಕಾರಣಗಳಿಗೆ ಪರಿಹಾರಗಳೂ ಇದ್ದಾವು ಎಂದು ತೋರಿಸುವುದು ಈ ಶಾಸ್ತ್ರ.

ಆದ್ದರಿಂದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಮಗುವೊಂದು ಅರ್ಥಶಾಸ್ತ್ರ ಓದುತ್ತೇನೆ ಎಂದರೆ ಸಂಬಳದ ಮಾತನ್ನು ಅವಶ್ಯ ಕೇಳಿರಿ, ಅಲ್ಲಿಗೇ ನಿಲ್ಲಿಸಬೇಡಿರಿ. ಬೇಸಗೆಯ ರಜೆಯಲ್ಲಿ ಅಜ್ಜನ ಊರಿಗೆ ಕಳುಹಿಸಿರಿ. ಹೊಲ ಎಷ್ಟು ಪಾಲಾಯಿತು, ಬಾವಿಯ ನೀರು ಎಷ್ಟು ಕೆಳಗಿಳಿಯಿತು, ಎಷ್ಟು ಮನೆಗಳಿಗೆ ಬೀಗ ಬಿದ್ದಿದೆ, ಬೀಗ ಹಾಕಿದವರು ಎಲ್ಲಿಗೆ ಹೋದರು ಎಂದು ಬರೆದುಕೊಂಡು ಬರಲಿ; ಅದನ್ನು ಕನ್ನಡದಲ್ಲಿ ಬರೆಯಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಕಲಿಸಿದರು. ಹಾಸಿಗೆ ಏಕೆ ಇಷ್ಟು ಚಿಕ್ಕದಾಯಿತೆಂದು ನಮ್ಮ ಮಕ್ಕಳು ಕೇಳಲಿ.